ಮೂರನೇ ಪೆಟ್ಟು

ಅವರ ಬಲಗೈ ತೋರುಬೆರಳಿನ ಉಗುರು ನಟ್ಟನಡುವೆ ಉದ್ದಕ್ಕೆ ಸೀಳಿ, ಎರಡು ಉಗುರಾಗಿ ಬೆಳೆದಿತ್ತು. ನಲವತ್ತು ವರ್ಷ ಢೋಲಕ್ ಬಾರಿಸಿದ ಬೆರಳು ಅದು. ಸೀಳಿನಲ್ಲಿ ಧೂಳು ಕೂಡಬಾರದೆಂದು ದಿನಾ ಬೆಳಿಗ್ಗೆ ಹತ್ತಿಯ ಎಳೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಒರೆಸಿಕೊಳ್ಳುತ್ತ ಕೂಡುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಉತ್ತರವಿಲ್ಲ, ಒರೆಸುವುದು ಮುಗಿಯಬೇಕು. ಅದೇ ಬೆರಳು ಕೊನೆಕೊನೆಗೆ ಚಹಾದ ಲೋಟ ಹಿಡಿಯಲಾರದಷ್ಟು ನಡುಗಿತು. ಆ ಬೆರಳಿನ ಕೆಲಸಕ್ಕೆ ನಾನು ಮಾಡಿದ್ದನ್ನು ಹೇಳದೆ ಅವರ ಬಗ್ಗೆ ಎಷ್ಟು ಒಳ್ಳೆಯದು ಬರೆದರೂ ಅದು ಅರ್ಧ ಸುಳ್ಳಾಗುತ್ತದೆ.

ಸಿಂಧನೂರಿನಲ್ಲಿ ಎಲ್ಲರಿಗೂ ಅವರು ಉಸ್ತಾದ್. ನನಗೆ ಚಾಚಾ. ಗಂಗಾವತಿ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ರೆಕಾರ್ಡಿಂಗ್ ರೂಮು ಇತ್ತು. ಗೋಡೆಗೆಲ್ಲ ಹಳೆಯ ಕೌದಿ ಬಡಿದಿದ್ದರು, ಕೌದಿ ಸಾಲದ ಕಡೆ ತತ್ತಿ ಇಡುವ ಟ್ರೇ. ಕೆಳಗೆ ಗಾಳಿ ತುಂಬುವ ಕಂಪ್ರೆಸರ್ ಶುರುವಾದರೆ ಮೇಲೆ ಹಾಡುವವರು ಬಾಯಿ ಮುಚ್ಚಬೇಕು. ಹಾಗಾಗಿ ಪಂಕ್ಚರಿನವನು ಊಟಕ್ಕೆ ಹೋದ ಹೊತ್ತೇ ನಮ್ಮ ಹಾಡಿನ ಹೊತ್ತು. ಅವನು ಮೆಲ್ಲಗೆ ಊಟ ಮಾಡಲಿ ಎಂದು ಚಾಚಾ ಆಗಾಗ ಅವನಿಗೆ ಮನೆಯಿಂದ ಬಿರಿಯಾನಿ ತಂದುಕೊಡುತ್ತಿದ್ದರು. ಇದು ಆ ಪಂಕ್ಚರಿನವನಿಗೂ ಗೊತ್ತಿತ್ತು, ಅವನೂ ಎಲುಬನ್ನು ಚೆನ್ನಾಗಿ ಚೀಪುತ್ತಿದ್ದ.

ನಾನು ಮಸ್ಕಿಯವಳು, ಕೊಟ್ಟದ್ದೂ ಅದೇ ಊರಿಗೆ. ಮದುವೆಗೆ ಮೊದಲು ಚಾಚಾನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಮದುವೆಯಾದ ಮೇಲೆ ಅತ್ತೆ, ಹತ್ತು ಮಂದಿಯ ಮುಂದೆ ಮೈಕು ಹಿಡಿದು ನಿಲ್ಲುವುದು ನಮ್ಮ ಮನೆತನಕ್ಕೆ ಬೇಡ ಎಂದರು. ಗಂಡ ಅತ್ತ ತಿರುಗಿ ಮಲಗಿದ. ನಾನು ಚಾಚಾನ ಮುಂದೆ ಹೋಗಿ ಕಣ್ಣೀರು ಹಾಕಿದೆ. ಅವರು ಸಮಾಧಾನದ ಮಾತು ಆಡುವವರಲ್ಲ. ಹೆಂಡತಿಯ ಹಳೆಯ ದುಪ್ಪಟ್ಟಾ ಹೊದಿಸಿಟ್ಟಿದ್ದ ಒಂದು ಪೆಟ್ಟಿಗೆಯನ್ನು ನನ್ನ ಮುಂದೆ ಸರಿಸಿದರು.

"ಹಾಡಬ್ಯಾಡ ಅಂದ್ರ ಬಿಡು. ಇದನ್ನ ಕಲಿ. ಇದರ ಹಿಂದ ಯಾರು ಕುಂತಾರ ಅಂತ ಯಾರಿಗೂ ಕಾಣಂಗಿಲ್ಲ. ನಿಮ್ಮತ್ತಿಗೂ ಕಾಣಂಗಿಲ್ಲ."

ಅದು ರಿದಮ್ ಮಷಿನ್. ಹದಿನಾರು ರಬ್ಬರ್ ಗುಂಡಿ, ಕಡ್ಡಿಪೆಟ್ಟಿಗೆಯಷ್ಟು ಪರದೆ. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟಿದ್ದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಅದನ್ನು ಅವರು ಸೊಸೆ ಎಂದು ಕರೆಯುತ್ತಿದ್ದರು. "ಹೇಳಿದ್ದಷ್ಟ ಮಾಡ್ತೈತಿ, ಮನಸ್ಸಿನ್ಯಾಗ ಏನೈತಿ ಅಂತ ತೋರಸಂಗಿಲ್ಲ. ನಿನ್ನಂಗ" ಎಂದು ನನ್ನನ್ನು ಕಾಡುತ್ತಿದ್ದರು.

ಲಯವನ್ನು ಅವರು ನನಗೆ ಕಲಿಸಿದ್ದು ಚೌಕಾಬಾರದ ಮನೆಗಳಂತೆ. ಒಂದು ಸುತ್ತಿಗೆ ಹದಿನಾರು ಮನೆ. ನಾಲ್ಕು ಮನೆಗೆ ಒಂದು ಮಾತ್ರೆ. ದಪ್ಪ ಪೆಟ್ಟು ಯಾವ ಮನೆಯಲ್ಲಿ, ಸಣ್ಣ ಪೆಟ್ಟು ಯಾವ ಮನೆಯಲ್ಲಿ ಎಂದು ಕೂಡಿಸುತ್ತ ಹೋಗಬೇಕು. ಕೆಲವು ಹಾಡಿಗೆ ಮಾತ್ರೆಯನ್ನು ನಾಲ್ಕರ ಬದಲು ಮೂರಾಗಿ ಒಡೆಯಬೇಕು. ಆಗ ಅದೇ ಪೆಟ್ಟುಗಳು ಕುಣಿಯುತ್ತವೆ. ಇನ್ನೂ ಒಳಗೆ ಹೋದರೆ ಒಂದೊಂದು ಮನೆಯೂ ನಲವತ್ತೆಂಟು ಚೂರಾಗುತ್ತದೆ, ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ಚೂರು. ಆ ಚೂರುಗಳ ತಂಟೆಗೆ ನಾವು ಹೋಗುತ್ತಿರಲಿಲ್ಲ. ಕೈಯಿಂದ ಬಾರಿಸುವಾಗ ಪೆಟ್ಟು ಆಚೀಚೆ ಬಿದ್ದರೆ ಅದಕ್ಕೆ ಒಂದು ಗುಂಡಿ ಇತ್ತು. ಚಾಚಾ ಅದಕ್ಕೆ ಸೀದಾ ಗುಂಡಿ ಎನ್ನುತ್ತಿದ್ದರು. ಒತ್ತಿದರೆ ಸಾಕು, ಎಲ್ಲ ಪೆಟ್ಟುಗಳೂ ಹತ್ತಿರದ ಮನೆಗೆ ಹೋಗಿ ಶಿಸ್ತಾಗಿ ಕೂಡುತ್ತವೆ.

"ಮದುವಿ ಹಾಡಿಗೆ ಸೀದಾ ಮಾಡಿಬಿಡು. ಕುಡದು ಕುಣಿಯೋರಿಗೆ ಏನ್ ತಿಳೀತೈತಿ" ಎಂದು ಹೇಳಿಕೊಟ್ಟವರೂ ಅವರೇ. ಮಷಿನ್ ಬಂದ ಮೇಲೆ ಆರ್ಕೆಸ್ಟ್ರಾದ ಢೋಲಕ್ಕಿನವರು ಕೆಲಸವಿಲ್ಲದೆ ಒಬ್ಬೊಬ್ಬರಾಗಿ ಮನೆ ಸೇರಿದ್ದರು. ಅವರಲ್ಲಿ ಒಬ್ಬ ಚಾಚಾನ ಜೊತೆಗೇ ಮೂವತ್ತು ವರ್ಷ ಬಾರಿಸಿದವನು, ಸಾಲಗುಂದದವನು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಚಾಚಾ ಅವನ ಬೆನ್ನು ಮರೆಯಾಗುವ ತನಕ ನೋಡುತ್ತ ನಿಲ್ಲುತ್ತಿದ್ದರು. ಒಮ್ಮೆ ನಾನು ಕೇಳಿದ್ದಕ್ಕೆ, "ಅವಂದೇನೂ ತಪ್ಪಿಲ್ಲ. ನಾ ಇದನ್ನ ತರಲಿಲ್ಲಂದ್ರ ಇನ್ನೊಬ್ಬ ತರತಿದ್ದ ಅಂತ ಹೇಳಕೊಂತೀನಿ. ಹೇಳಕೊಂಡ್ರೂ ನಿದ್ದಿ ಬರಂಗಿಲ್ಲ" ಎಂದಿದ್ದರು.

ಕೈ ನಡುಗಲು ಶುರುವಾದದ್ದು ಅದಾದ ಮೇಲೆ. ಮೊದಲು ಎಡಗೈ ಹೆಬ್ಬೆರಳು, ಆಮೇಲೆ ಬಲಗೈ. ರಾಯಚೂರಿನ ಡಾಕ್ಟರು, ಇದು ಹೋಗುವ ರೋಗವಲ್ಲ, ಗುಳಿಗೆ ತಗೊಂಡರೆ ಸ್ವಲ್ಪ ಹೊತ್ತು ಹಿಡಿತದಲ್ಲಿರುತ್ತದೆ ಎಂದರಂತೆ. ಖರೇ ಹಾಗೆಯೇ ಆಯಿತು. ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ ಹತ್ತರಿಂದ ಹನ್ನೊಂದರ ತನಕ ಕೈ ಅವರ ಮಾತು ಕೇಳುತ್ತಿತ್ತು. ಆ ಒಂದು ತಾಸಿನಲ್ಲಿ ಅವರು ಬೇರೆ ಏನನ್ನೂ ಮಾಡುತ್ತಿರಲಿಲ್ಲ. ಬಾಗಿಲು ಹಾಕಿ, ಹೆಡ್‌ಫೋನ್ ಹಾಕಿಕೊಂಡು, ಮಷಿನಿನ ಮುಂದೆ ನಿಲ್ಲುತ್ತಿದ್ದರು.

ಅವರು ತುಂಬುತ್ತಿದ್ದದ್ದು ಮುಕ್ಕುಂದದ ಅಲಾಯಿ ಹಬ್ಬದ ತಾಳಗಳನ್ನು. ಮೊಹರಂ ದಿನಗಳಲ್ಲಿ ಆ ಊರಿನಲ್ಲಿ ಅವರಪ್ಪ ತಾಸೆ ಎಂಬ ಚರ್ಮವಾದ್ಯ ಬಾರಿಸುತ್ತಿದ್ದರು. ದೇವರು, ಎಂದರೆ ಅಲಾಯಿಯ ಪಂಜಾ, ಕೂಡುವಾಗ ಒಂದು, ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುವಾಗ ಒಂದು, ಹೀಗೆ ಒಂಬತ್ತು. ಒಂಬತ್ತನೆಯದು ಕೊನೆಯ ದಿನ ದೇವರು ಹೊಳೆಗೆ ಹೋಗುವಾಗಿನದು. ಅದನ್ನು ಬೇರೆ ಯಾವ ದಿನವೂ ಚರ್ಮದ ಮೇಲೆ ಬಾರಿಸಬಾರದೆಂದು ಅವರಪ್ಪ ಕಟ್ಟು ಮಾಡಿದ್ದರಂತೆ. ಹಾಗಾಗಿ ಯಾರೂ ಕೂತು ಕಲಿತಿದ್ದಿಲ್ಲ, ಯಾರೂ ರೆಕಾರ್ಡ್ ಮಾಡಿದ್ದಿಲ್ಲ. ಹಬ್ಬದ ಗದ್ದಲದಲ್ಲಿ ಫೋನಿನಲ್ಲಿ ಹಿಡಿದವರಿದ್ದರು. ಕೇಳಿದರೆ ಜನರ ಕೂಗಿನ ಹೊರತು ಏನಿಲ್ಲ. ಈಗ ಅಲ್ಲಿ ಹುಡುಗರು ದೊಡ್ಡ ಸೌಂಡ್ ಬಾಕ್ಸ್ ತರಿಸುತ್ತಿದ್ದರು. ಅಪ್ಪನಿಂದ ಹಬ್ಬದಲ್ಲೇ ಕೇಳಿ ಕೇಳಿ ಕಲಿತದ್ದು ಚಾಚಾ ಒಬ್ಬರೇ, ಮತ್ತು ಅವರ ಬಳಿ ದಿನಕ್ಕೆ ಒಂದು ತಾಸಿನ ಕೈ ಉಳಿದಿತ್ತು.

"ರಬ್ಬರ್ ಬಾರಿಸಿದ್ರ ಚರ್ಮ ಬಾರಿಸಿದಂಗಲ್ಲ. ಅಪ್ಪ ಸಿಟ್ಟಾಗಂಗಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಒಂದೇ ಉಸಿರಿಗೆ ಬಾರಿಸುವ ಶಕ್ತಿ ಇರಲಿಲ್ಲ. ಮಷಿನ್ ಸುತ್ತು ಸುತ್ತುತ್ತಿದ್ದರೆ ಒಂದು ಸುತ್ತಿಗೆ ಒಂದು ಪೆಟ್ಟು ಇಡುತ್ತಿದ್ದರು. ಕೈ ನಡುಗಿ ಒಂದರ ಕಡೆ ಎರಡು ಬಿದ್ದರೆ ಹೆಚ್ಚಿನದನ್ನು ಅಳಿಸಿ, ಮತ್ತೆ. ಒಂದು ತಾಳಕ್ಕೆ ತಿಂಗಳು ಹಿಡಿಯಿತು. ಒಂಬತ್ತನೆಯದಕ್ಕೆ ಕೈ ಹಾಕಿದಾಗ ಅವರು ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ, ನಿಂತಲ್ಲೇ ಮೊಣಕಾಲೆತ್ತಿ ಎತ್ತಿ ಹೆಜ್ಜೆ ಹಾಕುತ್ತಿದ್ದದ್ದನ್ನು ಕಂಡೆ. ಡಾಕ್ಟರು ಹೇಳಿದ ವ್ಯಾಯಾಮ ಇರಬೇಕು ಎಂದುಕೊಂಡೆ. ಕೇಳಲಿಲ್ಲ. ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಒಂಬತ್ತೂ ಮುಗಿದ ವಾರದಲ್ಲೇ ಅವರು ಬಚ್ಚಲಲ್ಲಿ ಬಿದ್ದರು. ಲಿಂಗಸುಗೂರಿನಲ್ಲಿದ್ದ ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವಾಗ ನನಗೆ ಕೀಲಿ ಕೊಟ್ಟರು. ಮಸ್ಕಿಯ ಕಡೆಯ ಅಲಾಯಿ ಪದ ಹಾಡುವ ತಂಡವೊಂದು ರೆಕಾರ್ಡಿಂಗಿಗೆ ಬರುವುದಿತ್ತು. ಅವರಿಗೆ ಈ ಒಂಬತ್ತು ತಾಳಗಳನ್ನೇ ಹಾಕಬೇಕೆಂದು ಚಾಚಾನ ಆಸೆ.

"ಇದ್ದಂಗ ಹಾಕವ್ವ" ಎಂದರು. ಕಾರಿನಲ್ಲಿ ಕೂತ ಮೇಲೆ ಇನ್ನೊಮ್ಮೆ ಕಿಟಕಿಯಿಂದ, "ಇದ್ದಂಗ."

ತಂಡ ಬರುವ ಹಿಂದಿನ ದಿನ ನಾನು ಒಂಬತ್ತನ್ನೂ ಹಾಕಿ ಕೇಳಿದೆ. ಎಲ್ಲವೂ ಸ್ವಲ್ಪ ಸ್ವಲ್ಪ ಜಾರಿದ್ದವು. ಒಂಬತ್ತನೆಯದಂತೂ ಪ್ರತಿ ಸುತ್ತಿನಲ್ಲೂ ಮೂರನೇ ಪೆಟ್ಟು ತನ್ನ ಮನೆಯಲ್ಲಿರಲಿಲ್ಲ. ಮನೆ ದಾಟಿ ಹೊರಗೆಲ್ಲೋ, ತಡವಾಗಿ, ಬೀಳಬೇಕೋ ಬೇಡವೋ ಎಂಬಂತೆ ಬೀಳುತ್ತಿತ್ತು. ಪಾಪ, ಕೈ ಇಷ್ಟು ನಡುಗಿದೆಯಲ್ಲ, ಅವರಿಗೇ ಗೊತ್ತಾಗಿಲ್ಲವಲ್ಲ ಎಂದು ಕಣ್ಣು ತುಂಬಿತು. ನಾಳೆ ಬರುವವರು ಇದನ್ನು ಕೇಳಿ, ಉಸ್ತಾದಿಗೆ ವಯಸ್ಸಾತು ಅಂದರೆ? ಅವರ ಹೆಸರು ನನ್ನ ಕೈಯಲ್ಲಿದೆ ಎಂದುಕೊಂಡೆ. ಎಷ್ಟು ಪ್ರೀತಿಯಿಂದ ಎಂದುಕೊಂಡೆ ಎಂದರೆ, ಇವತ್ತು ನೆನೆದರೆ ಆ ಪ್ರೀತಿಯ ಮೇಲೇ ನನಗೆ ಸಿಟ್ಟು ಬರುತ್ತದೆ.

ಸೀದಾ ಗುಂಡಿ ಒತ್ತಿದೆ. ಹೊಸದನ್ನು ಉಳಿಸಲೇ ಎಂದು ಪರದೆಯ ಮೇಲೆ ಪ್ರಶ್ನೆ ಬರುತ್ತದೆ. ಹೌದು ಎಂದರೆ ಹಳೆಯದು ಅಳಿಸಿಹೋಗುತ್ತದೆ. ಪ್ರತಿ ಇಟ್ಟುಕೊಳ್ಳುವ ಕಾರ್ಡಿನ ಕಿಂಡಿ ಮಷಿನ್ ಬಂದಾಗಿನಿಂದ ಕೆಟ್ಟಿತ್ತು. ನಾನು ಒಂಬತ್ತು ಸಲ ಹೌದು ಎಂದೆ.

ತಂಡದವರಿಗೆ ಬಲು ಖುಷಿಯಾಯಿತು. "ಉಸ್ತಾದ್ರ ಕೈ ಅಂದ್ರ ಕೈ ನೋಡ್ರಿ. ಗಡಿಯಾರ ಇದ್ದಂಗೈತಿ" ಎಂದು ಹಿರಿಯ ಹಾಡುಗಾರ ತೊಡೆ ತಟ್ಟಿದ. ನಾಲ್ಕು ದಿನದಲ್ಲಿ ಆ ಹಾಡುಗಳು ಫೋನಿನಿಂದ ಫೋನಿಗೆ ಹೋಗಿ ಸಿಂಧನೂರು ತಾಲ್ಲೂಕಿನ ಟಂಟಂ ಗಾಡಿಗಳಲ್ಲೆಲ್ಲ ಕೇಳತೊಡಗಿದವು.

ಮೂರು ವಾರದ ಮೇಲೆ ಚಾಚಾ ಬಂದರು. ಮಗಳು ಮೆಟ್ಟಿಲು ಹತ್ತಿಸಿ, ಕುರ್ಚಿಯಲ್ಲಿ ಕೂಡಿಸಿ, ಕೆಳಗೆ ಔಷಧಿ ತರಲು ಹೋದಳು. ನಾನು ಹೆಮ್ಮೆಯಿಂದ ಮಷಿನಿನ ದುಪ್ಪಟ್ಟಾ ತೆಗೆದೆ. ಅವರು ಒಂದನೆಯದನ್ನು ಕೇಳಿದರು. ಎರಡನೆಯದನ್ನು ಅರ್ಧ ಕೇಳಿದರು. ಆಮೇಲೆ ನೇರವಾಗಿ ಒಂಬತ್ತಕ್ಕೆ ಹೋದರು. ನಾಲ್ಕು ಸುತ್ತು ಬಿಟ್ಟರು. ನಿಲ್ಲಿಸಿದರು.

"ಯಾರು ಮುಟ್ಟಿದ್ರು?"

"ನಾನ ಚಾಚಾ. ಕೈ ನಡುಗಿ ಸ್ವಲ್ಪ ಆಕಡಿ ಈಕಡಿ ಆಗಿತ್ತಲ್ರಿ. ಸೀದಾ ಮಾಡೀನಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಪಂಕ್ಚರಿನವನಿಗೆ ಬೈಯುವಾಗ ಅವರ ಬಾಯಲ್ಲಿ ಎಂಥೆಂಥ ಮಾತು ಬರುತ್ತಿತ್ತೆಂದು ನನಗೆ ಗೊತ್ತು. ನನ್ನ ಮುಖ ನೋಡದೆ, ತಮ್ಮ ಕೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ನನ್ನ ಕೈ ನಡುಗಿದ್ದನ್ನೆಲ್ಲ ನಾನ ಅಳಿಸಿದ್ನೆವ್ವ. ಉಳದದ್ದು ನನ್ನ ಕೈಯಲ್ಲ. ನಮ್ಮಪ್ಪನ ಕೈ ಅದು."

ಆಮೇಲೆ ಬಿಡಿಸಿ ಹೇಳಿದರು, ಎಳೆಯ ಮಗುವಿಗೆ ಹೇಳುವಂತೆ. ಹೊಳೆಯ ದಂಡೆ ಪೂರಾ ಉಸುಕು. ದೇವರನ್ನು ಹೊತ್ತವರ ಹೆಗಲ ಮೇಲೆ ಭಾರ. ಒಂದು ಹೆಜ್ಜೆ, ಎರಡು ಹೆಜ್ಜೆ ಹೇಗೋ ಬರುತ್ತದೆ, ಅಷ್ಟರಲ್ಲಿ ಕಾಲು ಉಸುಕಿನಲ್ಲಿ ಹುಗಿದಿರುತ್ತದೆ. "ಕಿತ್ತು ಇಡಬೇಕಲ್ಲ. ತಾಸೆದವ ಅಲ್ಲಿ ಕಾಯಬೇಕು. ಕಾಯಲಿಲ್ಲಂದ್ರ ಹೊತ್ತಾಂವ ಮುಗ್ಗರಿಸ್ತಾನ. ಅಪ್ಪ ಅವರ ಕಾಲು ನೋಡಕೋಂತ ಬಾರಸ್ತಿದ್ದ. ನಾ ಅಪ್ಪನ ಕೈ ನೋಡಕೋಂತ ಕಲ್ತೆ."

ನಿಂತಲ್ಲೇ ಹಾಕುತ್ತಿದ್ದ ಆ ಹೆಜ್ಜೆಗಳು ಆಗ ನನಗೆ ತಿಳಿದವು. ಅವರ ಕಾಲು ಹಿಡಿದುಕೊಂಡೆ. ಎಬ್ಬಿಸಲು ಅವರ ಕೈಗೆ ಆಗಲಿಲ್ಲ, ಬರೀ ನನ್ನ ತಲೆಯ ಮೇಲೆ ಅದು ನಡುಗುತ್ತ ಇತ್ತು.

"ಗುಂಡಿ ತೋರಿಸಿದಾಂವ ನಾನ. ನಿಂದೊಬ್ಬಾಕಿದ ತಪ್ಪಲ್ಲ. ಎಂಟು ಹೋಗಲಿ. ಒಂಬತ್ತನೇದು ಬೇಕವ್ವ" ಎಂದರು.

ಆಗ ಅವರಿಗೆ ಸಿಗುತ್ತಿದ್ದದ್ದು ತಾಸಲ್ಲ, ಹತ್ತು ನಿಮಿಷ. ಆಮೇಲೆ ಅದೂ ಇಲ್ಲ. ಬೆರಳು ಗುಂಡಿಯ ಮೇಲಿಟ್ಟರೆ ಒಂದು ಪೆಟ್ಟಿನ ಬದಲು ಮಳೆ ಬಿದ್ದಂತೆ ಬೀಳುತ್ತಿತ್ತು. ನನ್ನ ಕೈಯ ಮೇಲೆ ಅವರ ಕೈಯಿಟ್ಟು ನೋಡಿದೆವು. ನನ್ನ ಕೈಯೂ ನಡುಗಿತು. ಬಾಯಲ್ಲಿ ಹೇಳಿ ನೋಡಿದರು. ನಾಲಿಗೆಯೂ ಅಷ್ಟರಲ್ಲಿ ಭಾರವಾಗಿತ್ತು. ಕೊನೆಗೆ ಉಳಿದದ್ದು ಒಂದೇ ದಾರಿ. ಮೂರನೇ ಪೆಟ್ಟನ್ನು ನಾನು ಒಂದೊಂದೇ ಚೂರು ತಡ ಮಾಡುತ್ತ ಹೋಗುವುದು, ಅವರು ಕಣ್ಣು ಮುಚ್ಚಿ ಕೇಳುವುದು.

ಭಾನುವಾರ ಭಾನುವಾರ ಮಗಳು ಅವರನ್ನು ಲಿಂಗಸುಗೂರಿನಿಂದ ಕರೆತಂದು ಕೂಡಿಸುತ್ತಿದ್ದಳು, ನಾನು ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದೆ. ಅತ್ತೆಗೆ ಏನು ಅನಿಸಿತೋ, ಎರಡನೇ ವಾರದಿಂದ ಚಾಚಾನಿಗೆಂದು ಮೆತ್ತಗಿನ ಅನ್ನ, ಹಾಲು ಕಟ್ಟಿಕೊಡತೊಡಗಿದರು. ನಾನು ಉಣ್ಣಿಸಿ, ಬಾಯಿ ಒರೆಸಿ, ಮಷಿನ್ ಹಚ್ಚುತ್ತಿದ್ದೆ.

"ಇನ್ನೊಂದು ಚೂರು."

ಸರಿಸುತ್ತಿದ್ದೆ.

"ಇನ್ನೊಂದು. ಇಲ್ಲ, ಭಾಳಾತು. ವಾಪಸ್ ತಾ."

ಮುಂದಿನ ವಾರ ಬರುವಷ್ಟರಲ್ಲಿ ಅದು ಅವರಿಗೆ ತಪ್ಪೆನಿಸುತ್ತಿತ್ತು. ಮತ್ತೆ ಮೊದಲಿನಿಂದ. ಕಿವಿಯಲ್ಲಿದ್ದದ್ದು ಅವರಿಂದಲೇ ದೂರ ಹೋಗುತ್ತಿರುವುದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಒಮ್ಮೆ ನನ್ನ ಮೊಣಕೈ ಹಿಡಿದು ಎದ್ದು ನಿಂತು, ಅಪ್ಪನ ಕಾಲದ ಆ ಹೆಜ್ಜೆಯನ್ನು ಹಾಕಿ ತೋರಿಸಲು ನೋಡಿದರು. ಪಾದ ನೆಲ ಬಿಟ್ಟು ಏಳಲಿಲ್ಲ. ಎರಡು ಸಲ ಉಜ್ಜಿದಂತೆ ಮುಂದೆ ಸರಿದು ನಿಂತುಬಿಟ್ಟರು. ಕೆಳಗೆ ಕಂಪ್ರೆಸರ್ ಹೊಡೆದುಕೊಳ್ಳುತ್ತಿತ್ತು.

ಕೊನೆಯ ಭಾನುವಾರ ಬೇಸಿಗೆ. ಪೆಟ್ಟು ತನ್ನ ಮನೆಯಿಂದ ಹದಿನಾಲ್ಕು ಚೂರು ತಡವಾಗಿತ್ತು. ಅವರು ಬಹಳ ಹೊತ್ತು ಕೇಳಿದರು. ಇಪ್ಪತ್ತು ಸುತ್ತು ಇರಬಹುದು. ನಾನು ಅವರ ಹುಬ್ಬನ್ನೇ ನೋಡುತ್ತ ಕೂತಿದ್ದೆ. ಕಣ್ಣು ತೆರೆದು ನನ್ನನ್ನು ನೋಡಿದರು.

"ಸಾಕವ್ವ" ಎಂದರು.

"ಸರಿ ಆತಲ್ಲ ಚಾಚಾ? ಇದ ಹೌದಲ್ರಿ?"

"ಚಾ ಹೇಳು" ಎಂದರು.

ನಾನು ಕೆಳಗೆ ಓಡಿಹೋಗಿ ಚಹಾ ಹೇಳಿ, ಪಂಕ್ಚರಿನವನಿಗೂ ಒಂದು ಕೊಡಿಸಿದೆ. ಅಷ್ಟು ಹಗುರಾಗಿದ್ದೆ. ತಟ್ಟೆಗೆ ಸುರಿದು ಅವರಿಗೆ ಕುಡಿಸುವಾಗ ಇನ್ನೊಮ್ಮೆ ಕೇಳಬೇಕೆನಿಸಿತು, ಕೇಳಲಿಲ್ಲ.

ಮಳೆಗಾಲ ಹತ್ತುವ ಮೊದಲೇ ಲಿಂಗಸುಗೂರಿನಿಂದ ಮಗಳ ಫೋನು ಬಂತು. ನಾನು ಹೋಗುವಷ್ಟರಲ್ಲಿ ಬಿಳಿ ಬಟ್ಟೆ ಸುತ್ತಿದ್ದರು. ಮುಖ ನೋಡಿದೆ. ಕೈಗಳು ಬಟ್ಟೆಯೊಳಗಿದ್ದವು, ಅವು ಈಗ ಸುಮ್ಮನಿವೆ ಎಂದುಕೊಂಡಾಗ ಅಳು ತಡೆಯಲಾಗಲಿಲ್ಲ. ಸಾಲಗುಂದದ ಢೋಲಕ್ಕಿನವನು ಬಂದಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮುಖ ತಿರುಗಿಸುತ್ತಿದ್ದವನು ಮುಂದಿನ ಹೆಗಲು ಕೊಟ್ಟ. ಹೆಂಗಸರು ಹೊಸ್ತಿಲಲ್ಲೇ ನಿಂತೆವು. ಡಾಂಬರು ರಸ್ತೆಯ ಮೇಲೆ ಹೊತ್ತವರು ಬಿರಬಿರನೆ ನಡೆದುಹೋದರು, ಎಲ್ಲರ ಹೆಜ್ಜೆಯೂ ಸಮ. ಹೆಜ್ಜೆ ಎಣಿಸುತ್ತಿದ್ದೇನೆಂದು ತಿಳಿದಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮುಕ್ಕುಂದದಲ್ಲಿ ಈಗ ಕೊನೆಯ ದಿನ ಬಾಕ್ಸಿನಲ್ಲಿ ಹಾಕುವುದು ಮಸ್ಕಿ ತಂಡದ ಆ ಹಾಡನ್ನೇ, ನಾನು ಸೀದಾ ಮಾಡಿದ್ದನ್ನೇ. ಮತ್ತೆ ತಾಸೆ ಕಲಿಯಲು ಹೊರಟ ನಾಲ್ಕು ಹುಡುಗರೂ ಅದನ್ನು ಕೇಳಿಯೇ ಕಲಿತಿದ್ದಾರಂತೆ. ಅದು ಉಸ್ತಾದರ ತಾಳ ಎಂದೇ ಎಲ್ಲರೂ ಹೇಳುತ್ತಾರೆ. ಒಬ್ಬಿಬ್ಬರಿಗೆ ನಾನು ಅಲ್ಲ ಎಂದು ಹೇಳಿ ನೋಡಿದೆ. ಹದಿನಾಲ್ಕು ಚೂರಿನದನ್ನು ಕೇಳಿಸಿದೆ. "ಇದು ತಪ್ಪೈತಲ್ಲಕ್ಕಾ, ತಡ ಬೀಳತೈತಿ" ಎಂದರು.

ಚಾಚಾ ಹೋದ ಮರುವರ್ಷ ಬೇಸಿಗೆಯಲ್ಲಿ ನಾನೊಬ್ಬಳೇ ಮುಕ್ಕುಂದದ ಹೊಳೆಗೆ ಹೋದೆ. ನೀರು ಇಳಿದಿತ್ತು. ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸಿನ ಕೊಡ ಕೇಳಿ ತುಂಬಿಸಿಕೊಂಡೆ. ಫೋನಿನಲ್ಲಿ ಹದಿನಾಲ್ಕು ಚೂರಿನ ಆ ತಾಳ ಹಚ್ಚಿ ಕಿವಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಕೊಡವನ್ನು ಹೆಗಲ ಮೇಲಿಟ್ಟು ಉಸುಕಿನಲ್ಲಿ ನಡೆದೆ.

"ಏನ್ ಹರಕಿ ಹೊತ್ತೀಯವ್ವಾ?" ಎಂದು ಆ ಹೆಂಗಸು ಕೇಳಿದಳು.

"ಹೂಂ" ಎಂದೆ.

ಮೊದಲ ಪೆಟ್ಟಿಗೆ ಕಾಲು ಬಂತು. ಎರಡಕ್ಕೂ ಬಂತು. ಮೂರನೆಯದು ಬಿದ್ದಾಗ ನನ್ನ ಪಾದ ಇನ್ನೂ ಉಸುಕಿನೊಳಗಿತ್ತು. ಪೆಟ್ಟು ಆಗಿಹೋದ ಮೇಲೆ ಮೇಲೆದ್ದಿತು. ದಂಡೆಯ ಆ ತುದಿಯಿಂದ ಈ ತುದಿಗೆ ಹಲವು ಸಲ ನಡೆದೆ, ಹೆಗಲು ಒದ್ದೆಯಾಗಿ ಕೈ ಸೋಲುವ ತನಕ. ಪ್ರತಿ ಸಲವೂ ಕಾಲು ತಡ. ಇನ್ನೂ ಎರಡು ಚೂರು, ಹೆಚ್ಚೆಂದರೆ ಮೂರು. ಉಸುಕಿನ ಮೇಲೆ ಕೊಡ ಇಳಿಸಿ ಕೂತುಬಿಟ್ಟೆ. ಚಾಚಾ ಸಾಕು ಎಂದದ್ದು ಸರಿಯಾಯಿತೆಂದಲ್ಲ. ನನ್ನ ಮುಖ ನೋಡಿ ಎಂದದ್ದು.

ಮಷಿನ್ ಈಗ ನನ್ನ ಮನೆಯಲ್ಲಿದೆ. ಮದುವೆ ಹಾಡಿಗೆ, ಭಜನೆಗೆ, ಎಲ್ಲದಕ್ಕೂ ತಾಳ ಹಾಕಿಕೊಡುತ್ತೇನೆ. ಅವರು ಕೊಟ್ಟ ಅನ್ನ ಅದು. ಹೊಳೆಯಿಂದ ಬಂದವಳೇ ಒಂಬತ್ತನೆಯದನ್ನು ತೆರೆದು ಮೂರನೇ ಪೆಟ್ಟನ್ನು ಎರಡು ಚೂರು ತಡ ಮಾಡಿದೆ. ಹೊಸದನ್ನು ಉಳಿಸಲೇ ಎಂದು ಅದು ಕೇಳಿತು. ಉಸುಕು ಹತ್ತಿದ ಸೀರೆಯಲ್ಲೇ ಬಹಳ ಹೊತ್ತು ನಿಂತಿದ್ದೆ. ಹದಿನಾಲ್ಕು ಚೂರು ಎಂದರೆ ಅವರು ಸಾಕು ಎಂದ ಜಾಗ. ಅದು ತಪ್ಪೇ ಇರಬಹುದು. ಆದರೆ ಅವರದನ್ನು ನಾನು ಒಮ್ಮೆ ಸರಿ ಮಾಡಿದ್ದೇನೆ.

ಬೇಡ ಎಂದು ಒತ್ತಿದೆ.